ಬೇರೆ ಊರಿಗೆ ಹಾಫ್ ಮ್ಯಾರಥಾನ್ ಓಡಲು ಹೋಗುವವರು ದಯವಿಟ್ಟು ಇದನ್ನು ಓದಿ

ನನ್ನ ತಮ್ಮ ಎದುರಿಗೆ ನಡೆದುಕೊಂಡು ಬರುತ್ತಿದ್ದ. ಎಲ್ಲರೂ ಫಿನಿಶ್ ಕಡೆ ಓಡುತ್ತಿದ್ದಾರೆ, ಇವನೊಬ್ಬ ವಾಪಸ್ ಬರುತ್ತಿದ್ದಾನೆ. ಓಟ ಮುಗಿಸಿ ನನ್ನನ್ನು ಹುಡುಕಿಕೊಂಡು ಬಂದನೇನೋ ಅಂದುಕೊಂಡೆ. ಖುಷಿಯಿಂದ ಕೈ ಕೂಡ ಬೀಸಿದೆ. ಹತ್ತಿರ ಬಂದಾಗ ನೋಡಿದರೆ ಅವನ ಕಣ್ಣು ನನ್ನ ಮೇಲೆ ಇರಲೇ ಇಲ್ಲ. ತೋಳು ಹಿಡಿದು ನಿಲ್ಲಿಸಿದೆ. "ಅಕ್ಕಾ, ಫಿನಿಶ್ ಈ ಕಡೆ. ನೀನ್ಯಾಕೆ ಆ ಕಡೆ ಹೋಗ್ತಿದ್ದೀಯ?" ಅಂದ. ನಾಲಿಗೆ ತೊದಲುತ್ತಿತ್ತು. ಅರ್ಧ ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದ. ಮೂರನೇ ಸಲ ಕೇಳುವಷ್ಟರಲ್ಲಿ ಕಾಲು ಕುಸಿದು ರಸ್ತೆಯ ಮೇಲೆ ಕೂತುಬಿಟ್ಟ.

ಇದು ನಡೆದದ್ದು ಚೆನ್ನೈನಲ್ಲಿ. ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಏಳೂಮುಕ್ಕಾಲಿಗೆ. ಓಟದ ಹೆಸರನ್ನಾಗಲಿ ನಡೆಸಿದವರ ಹೆಸರನ್ನಾಗಲಿ ಬರೆಯುವುದಿಲ್ಲ. ನನಗೆ ಬೇಕಾಗಿರುವುದು ಒಂದೇ. ಮೈಸೂರು, ಹಾಸನ, ಬೆಂಗಳೂರು, ಧಾರವಾಡದಿಂದ ಚೆನ್ನೈ, ಕೊಚ್ಚಿ, ಮುಂಬೈ, ಗೋವಾ ಅಂತ ಓಡಲು ಹೋಗುವವರು ಈಗ ತುಂಬಾ ಜನ ಇದ್ದಾರೆ. ಅವರ ಮನೆಯಲ್ಲಿ ಯಾರಿಗೂ ಅಂಥ ಬೆಳಗ್ಗೆ ಬರಬಾರದು.

ನಾವಿಬ್ಬರೂ ಹೊಸಬರಲ್ಲ. ನಾನು ಆರು ವರ್ಷದಿಂದ ಓಡುತ್ತಿದ್ದೇನೆ, ಅವನು ನಾಲ್ಕು ವರ್ಷದಿಂದ. ವಾರದ ದಿನ ಕುಕ್ಕರಹಳ್ಳಿ ಕೆರೆ ಸುತ್ತ, ಭಾನುವಾರ ಚಾಮುಂಡಿ ಬೆಟ್ಟದ ರಸ್ತೆ. ಮೈಸೂರಿನಲ್ಲಿ ಅವನು ಹಾಫ್ ಮ್ಯಾರಥಾನ್, ಅಂದರೆ 21 ಕಿಲೋಮೀಟರನ್ನು 2 ಗಂಟೆ 4 ನಿಮಿಷಕ್ಕೆ ಮುಗಿಸಿದ್ದ. ಎರಡು ಗಂಟೆಯೊಳಗೆ ಮುಗಿಸಬೇಕು ಅನ್ನುವುದು ಅವನ ಆಸೆ. "ಚೆನ್ನೈ ಫ್ಲಾಟ್ ರೋಡ್ ಅಕ್ಕಾ, ಸಮುದ್ರದ ಪಕ್ಕ, ಆಕ್ಸಿಜನ್ ಜಾಸ್ತಿ, ಅಲ್ಲಿ ಆಗೇ ಆಗತ್ತೆ" ಅಂದ. ನನಗೂ ಸರಿ ಅನಿಸಿತು.

ಓಟದ ವಾರ ಸೋಮವಾರ ಅವನಿಗೆ ಜ್ವರ ಬಂತು. ಎರಡು ದಿನ ಮಲಗಿದ್ದ. ಗುರುವಾರದ ಹೊತ್ತಿಗೆ ಜ್ವರ ಬಿಟ್ಟಿತ್ತು, ಸುಸ್ತು ಬಿಟ್ಟಿರಲಿಲ್ಲ. ಹೋಗುವುದು ಬೇಡ ಅಂತ ಅಮ್ಮ ಹೇಳಿದರು. ಅವನು ಲೆಕ್ಕ ಒಪ್ಪಿಸಿದ. ಫೀಸ್ ಕಟ್ಟಿದೆ, ರೂಮಿಗೆ ದುಡ್ಡು ಹೋಗಿದೆ, ಕಾವೇರಿ ಎಕ್ಸ್‌ಪ್ರೆಸ್ ಟಿಕೆಟ್ ಕನ್ಫರ್ಮ್ ಆಗಿದೆ, ಆಫೀಸಲ್ಲಿ ರಜಾ ಹೇಳಿದೆ. ಇಬ್ಬರದೂ ಸೇರಿ ಹತ್ತು ಸಾವಿರ ದಾಟಿತ್ತು. ನಾನು ದೊಡ್ಡವಳು, ಬೇಡ ಕಣೋ ಅಂತ ಗಟ್ಟಿಯಾಗಿ ಹೇಳಬೇಕಿತ್ತು. "ನಿಧಾನವಾಗಿ ಓಡು" ಅಂದು ಸುಮ್ಮನಾದೆ.

ಇಲ್ಲೇ ಎಲ್ಲ ತಪ್ಪಿದ್ದು. ಇದೇ ಓಟ ಮೈಸೂರಿನಲ್ಲಿ ಇದ್ದಿದ್ದರೆ ಅವನು ಖಂಡಿತ ಹೋಗುತ್ತಿರಲಿಲ್ಲ. ಅಲಾರಂ ಆಫ್ ಮಾಡಿ ಮಗ್ಗುಲು ಬದಲಿಸಿ ಮಲಗುತ್ತಿದ್ದ. ಬೇರೆ ಊರಿನ ಓಟ ಅಂದರೆ ಟಿಕೆಟ್ ತೆಗೆಸಿದ ದಿನವೇ ನಾವು ಓಡಿದ ಹಾಗೆ ಅಂದುಕೊಂಡುಬಿಡುತ್ತೇವೆ. ಆಮೇಲೆ ಮೈ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಜ್ವರ ಬಿಟ್ಟು ಒಂದು ವಾರ ಆಗಿಲ್ಲದವರು ಸೆಕೆಯಲ್ಲಿ ಜೋರಾಗಿ ಓಡಿದರೆ ಬಿಸಿಲಾಘಾತದ (ಹೀಟ್ ಸ್ಟ್ರೋಕ್) ಅಪಾಯ ಜಾಸ್ತಿ. ಇದನ್ನು ನನಗೆ ಹೇಳಿದ್ದು ಐಸಿಯು ಹೊರಗೆ ನಿಂತಿದ್ದ ಡಾಕ್ಟರು. ಅಷ್ಟು ಹೊತ್ತಿಗೆ ಗೊತ್ತಾಗಿ ಏನು ಬಂತು?

ಶನಿವಾರದ ಕಥೆ ಬೇಗ ಹೇಳುತ್ತೇನೆ. ರೈಲಿನಲ್ಲಿ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ರೂಮು ಮಧ್ಯಾಹ್ನ ಹನ್ನೆರಡಕ್ಕೇ ಸಿಗುವುದು ಅಂದರು. ಬ್ಯಾಗ್ ಅಲ್ಲೇ ಇಟ್ಟು ಬಿಬ್, ಅಂದರೆ ಓಡುವವರು ಎದೆಗೆ ಹಾಕಿಕೊಳ್ಳುವ ನಂಬರ್ ಚೀಟಿ, ತರಲು ಹೋದೆವು. ಓಟದ ದಿನ ಬಿಬ್ ಕೊಡುವುದಿಲ್ಲ, ಹಿಂದಿನ ದಿನವೇ ಬಂದು ಒಯ್ಯಬೇಕು ಅಂತ ಮೊದಲೇ ತಿಳಿಸಿದ್ದರು. ಅದು ತುಂಬಾ ಕಡೆ ಇರುವ ನಿಯಮವೇ. ಆದರೆ ಇಲ್ಲಿ ಸಾಲು ಹಾಲ್‌ನಿಂದ ಹೊರಗೆ ಬಯಲಿನಲ್ಲಿತ್ತು. ಶಾಮಿಯಾನ ಇರಲಿಲ್ಲ. ಎರಡೂವರೆ ಗಂಟೆ ಬಿಸಿಲಲ್ಲಿ ನಿಂತೆವು. ರೂಮಿಗೆ ಬಂದಾಗ ಮೂರು ಗಂಟೆ.

ಒಂದು ಸಣ್ಣ ವಿಷಯ ಮಾತ್ರ ಬಿಡದೆ ಹೇಳಬೇಕು. ಬಂದವಳೇ ಬೆವರಿನ ಟೀ ಶರ್ಟನ್ನು ತೊಳೆದು, ಹಿಂಡಿ, ಬಾತ್‌ರೂಮಿನ ಹೊರಗೆ ಹರವಿದೆ. ಮೈಸೂರಿನ ಮಾರ್ಚ್‌ನಲ್ಲಿ ಆ ಬಟ್ಟೆ ಎರಡು ಗಂಟೆಗೆ ಒಣಗುತ್ತದೆ. ಇಲ್ಲಿ ರಾತ್ರಿ ಒಂಬತ್ತಕ್ಕೆ ಮುಟ್ಟಿದರೂ ಒದ್ದೆ ಒದ್ದೆ. ನನ್ನ ಕೈಗೇ ಸಿಕ್ಕಿದ್ದ ಎಚ್ಚರಿಕೆ ಅದು. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ಆಗುತ್ತದೆ. ಗಾಳಿಯಲ್ಲೇ ನೀರು ತುಂಬಿರುವ ಊರಿನಲ್ಲಿ ಬಟ್ಟೆ ಒಣಗಲ್ಲ, ಬೆವರೂ ಆರಲ್ಲ. ಓಡುವವನ ಮೈಯೊಳಗೆ ಹುಟ್ಟುವ ಬಿಸಿ ಹೊರಗೆ ಹೋಗಲು ದಾರಿ ಸಿಗದೆ ಒಳಗೇ ಏರುತ್ತಾ ಹೋಗುತ್ತದೆ.

ಬೆಳಗ್ಗೆ ಮೊಬೈಲ್ 26 ಡಿಗ್ರಿ ತೋರಿಸುತ್ತಿತ್ತು. 26 ತಾನೇ ಅಂದುಕೊಂಡೆವು. ಅದರ ಕೆಳಗೇ ತೇವಾಂಶ ಎಷ್ಟು ಅಂತಲೂ ಇರುತ್ತದೆ. ಅದನ್ನು ನಾವು ನೋಡಲೇ ಇಲ್ಲ. ದಯವಿಟ್ಟು ನೀವು ನೋಡಿ. 26 ಡಿಗ್ರಿಗೆ ಶೇಕಡಾ 85, 90 ತೇವಾಂಶ ಸೇರಿದರೆ ಒಳನಾಡಿನಲ್ಲಿ ಅಭ್ಯಾಸ ಮಾಡಿದ ಪೇಸ್ (ಓಟದ ವೇಗ) ಅಲ್ಲಿ ನಡೆಯುವುದಿಲ್ಲ. ಮೈ ಅಂಥ ಹವೆಗೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಂದು ದಿನ ಮೊದಲು ಹೋಗಿ ಮಲಗಿದರೆ ಪ್ರಯಾಣದ ಸುಸ್ತು ಕಳೆಯಬಹುದು, ಸೆಕೆ ಒಗ್ಗುವುದಿಲ್ಲ.

ಓಟ ಐದಕ್ಕೆ ಶುರುವಾಗಬೇಕಿತ್ತು. ಅದಕ್ಕೆ ಮೂರಕ್ಕೇ ಎದ್ದಿದ್ದೆವು. ಅಷ್ಟು ಹೊತ್ತಿಗೆ ಮೆಟ್ರೋ ಇಲ್ಲ, ಎರಡು ಕ್ಯಾಬ್ ಕ್ಯಾನ್ಸಲ್ ಆಗಿ ಮೂರನೆಯದು ಸಿಕ್ಕಿತು. ಹೋಗಿ ನೋಡಿದರೆ ಸ್ಟೇಜ್ ಮೇಲೆ ಹಾಡು, ಭಾಷಣ, ಅತಿಥಿಗಳಿಗೆ ಕಾಯುವುದು. ಬಿಟ್ಟಿದ್ದು ಐದೂ ಐವತ್ತಕ್ಕೆ. ಸಮುದ್ರ ತೀರದಲ್ಲಿ ಮಾರ್ಚ್ ತಿಂಗಳ ಐವತ್ತು ನಿಮಿಷ ಸಣ್ಣ ಮಾತಲ್ಲ. ಆರೂಕಾಲು ದಾಟಿ ಸ್ವಲ್ಪ ಹೊತ್ತಿಗೇ ಅಲ್ಲಿ ಸೂರ್ಯ ಹುಟ್ಟುತ್ತಾನೆ. ಓಟದ ಕೊನೆಯ ಗಂಟೆ ಪೂರ್ತಿ ಬಿಸಿಲಿನಲ್ಲೇ ಆಯಿತು. 12ನೇ ಕಿಲೋಮೀಟರ್ ನಂತರದ ಎರಡು ಟೇಬಲ್‌ಗಳಲ್ಲಿ ನೀರು ಖಾಲಿ. ಅಲ್ಲಿದ್ದ ಮಕ್ಕಳು ಕಾಲೇಜಿನವರು, ಪಾಪ, ಅವರ ತಪ್ಪಲ್ಲ.

ಇನ್ನು ಅವನು ಬಿದ್ದ ಜಾಗಕ್ಕೆ ಬರುತ್ತೇನೆ.

ಮುಟ್ಟಿದರೆ ಮೈ ಕೆಂಡ. ಆದರೆ ಬೆವರು ಸುರಿಯುತ್ತಲೇ ಇತ್ತು. ಬಿಸಿಲಾಘಾತ ಆದರೆ ಬೆವರು ನಿಲ್ಲುತ್ತದೆ, ಚರ್ಮ ಒಣಗುತ್ತದೆ ಅಂತ ನಾನು ಓದಿದ್ದೆ. ಬೆವರುತ್ತಿದ್ದಾನಲ್ಲಾ, ಹಾಗಾದರೆ ಅದಲ್ಲ, ಬರೀ ಸುಸ್ತು ಅಂತ ಎರಡು ಮೂರು ನಿಮಿಷ ಕಳೆದುಬಿಟ್ಟೆ. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಓಡುತ್ತಾ ಆಗುವ ಬಿಸಿಲಾಘಾತದಲ್ಲಿ ಸಾಮಾನ್ಯವಾಗಿ ಬೆವರು ಇರುತ್ತದೆ. ನೋಡಬೇಕಾದ್ದು ಮಾತು ಮತ್ತು ನಡಿಗೆ. ಕೇಳಿದ್ದನ್ನೇ ಕೇಳುವುದು, ದಾರಿ ತಪ್ಪುವುದು, ಸುಮ್ಮಸುಮ್ಮನೆ ಸಿಟ್ಟಾಗುವುದು, ತೂರಾಡುವುದು. ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೊದಲು ಕೆಡುವುದು ತಲೆ.

ವಾಲಂಟಿಯರ್ ಹುಡುಗ ಫೋನ್ ಮಾಡಿದ. ಆಂಬುಲೆನ್ಸ್ ಫಿನಿಶ್ ಹತ್ತಿರ ಇದೆ, ರಸ್ತೆ ಮುಚ್ಚಿದೆ, ಸುತ್ತಿ ಬರಬೇಕು ಅಂದ. ನಾನು 108ಕ್ಕೂ ಫೋನ್ ಮಾಡಿದೆ. ನನಗೆ ತಮಿಳು ಬರುವುದಿಲ್ಲ. ಎಲ್ಲಿದ್ದೇನೆ ಅಂತ ಹೇಳಲು ಬಾಯಿ ಬರಲಿಲ್ಲ. ಆಗ ರಸ್ತೆ ಪಕ್ಕ ಮೀನು ಮಾರುತ್ತಿದ್ದ ಒಬ್ಬ ಅಮ್ಮ "ಎನ್ನಾಚ್ಚು ಮಾ?" ಅನ್ನುತ್ತಾ ಓಡಿ ಬಂದರು. ಅವನ ಹಣೆ ಮುಟ್ಟಿ ನೋಡಿದವರೇ ತಿರುಗಿ ಹೋಗಿ ಮೀನಿನ ಪೆಟ್ಟಿಗೆಯ ಐಸನ್ನೆಲ್ಲ ಬಕೆಟ್‌ನಲ್ಲಿ ತುಂಬಿ ತಂದರು. ಪಕ್ಕದವರು ನೀರು ತಂದರು. ನನ್ನ ಕೈಯಿಂದ ಫೋನ್ ಕಸಿದು ಜಾಗ ಹೇಳಿದವರೂ ಅವರೇ. ಅವನನ್ನು ನೆರಳಿಗೆ ಎಳೆದು, ಟೀ ಶರ್ಟ್ ಬಿಚ್ಚಿ, ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಐಸ್ ಇಟ್ಟೆವು. ಮೈ ಮೇಲೆಲ್ಲ ಐಸ್ ನೀರು ಸುರಿದೆವು. ಒಬ್ಬರು ರಟ್ಟಿನಿಂದ ಗಾಳಿ ಹಾಕಿದರು. ಆಂಬುಲೆನ್ಸ್ ಬರಲು ಇಪ್ಪತ್ತೈದು ನಿಮಿಷ ಆಯಿತು. ಅಷ್ಟು ಹೊತ್ತೂ ಅವರು ಸುರಿಯುತ್ತಲೇ ಇದ್ದರು. ಅವರ ಆ ದಿನದ ವ್ಯಾಪಾರದ ಐಸ್ ಅದು. ದುಡ್ಡು ಕೊಡಲು ಹೋದರೆ ಕೈ ಮುಗಿದು ಬೇಡ ಅಂದರು.

ಆಸ್ಪತ್ರೆಗೆ ಹೋದಾಗ ಅವನ ಉಷ್ಣತೆ ಇನ್ನೂ 39.6 ಇತ್ತು. ದಾರಿಯಲ್ಲಿ ಐಸ್ ಹಾಕಿರದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಅಂದರು ಡಾಕ್ಟರು. ಸ್ನಾಯುಗಳಿಗೆ ಪೆಟ್ಟು ಬಿದ್ದು ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತ್ತು. ಕಿಡ್ನಿಗೆ ತೊಂದರೆ ಆಗುತ್ತದೇನೋ ಅಂತ ಎರಡು ದಿನ ಐಸಿಯು, ಆಮೇಲೆ ಮೂರು ದಿನ ವಾರ್ಡು. ಹಿಂದಿನ ರಾತ್ರಿ ಅವನು ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದ್ದ ಅನ್ನುವುದೂ ಆಗಲೇ ಗೊತ್ತಾಯಿತು. ದೂರದ ಓಟದ ಹಿಂದೆ ಮುಂದೆ ಆ ಜಾತಿಯ ನೋವಿನ ಮಾತ್ರೆ ಕಿಡ್ನಿಗೆ ಒಳ್ಳೆಯದಲ್ಲ. ನಮ್ಮ ಓಟಗಾರರಲ್ಲಿ ಇದನ್ನು ಚಾಕೊಲೇಟ್ ಥರ ಹಂಚಿಕೊಳ್ಳುವವರನ್ನು ನಾನು ನೋಡಿದ್ದೇನೆ. ಬಿಟ್ಟುಬಿಡಿ.

ಮನೆಗೆ ಬಂದ ಮೇಲೆ ಕೂತು ಓದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಫಾಲ್ಮತ್ ಅಂತ ಒಂದು ಓಟ ಇದೆ. ಆಗಸ್ಟ್ ಸೆಕೆಯಲ್ಲಿ ಏಳು ಮೈಲಿ. ಅಲ್ಲಿ 18 ವರ್ಷದಲ್ಲಿ 274 ಜನರಿಗೆ ಬಿಸಿಲಾಘಾತ ಆಗಿದೆ. ಅಷ್ಟೂ ಜನ ಬದುಕಿದ್ದಾರೆ. ಅಲ್ಲಿ ಮಾಡುವುದು ಏನು ಗೊತ್ತಾ? ಮೆಡಿಕಲ್ ಟೆಂಟ್‌ನಲ್ಲಿ ಐಸ್ ನೀರಿನ ತೊಟ್ಟಿ ಇಟ್ಟಿರುತ್ತಾರೆ. ಬಿದ್ದವರನ್ನು ಮೊದಲು ಅದರಲ್ಲಿ ಮುಳುಗಿಸಿ ತಂಪು ಮಾಡುತ್ತಾರೆ, ಆಮೇಲೆ ಆಸ್ಪತ್ರೆ. ಅರ್ಧ ಗಂಟೆಯೊಳಗೆ ಉಷ್ಣತೆ ಇಳಿಸಿದರೆ ಜೀವ ಉಳಿಯುತ್ತದೆ. ಒಂದು ತೊಟ್ಟಿ, ನಾಲ್ಕು ಮೂಟೆ ಐಸ್. ಸಾವಿರಾರು ಜನರ ಹತ್ತಿರ ಫೀಸ್ ತೆಗೆದುಕೊಳ್ಳುವವರಿಗೆ ಇದು ಕಷ್ಟವಾ? ಇದನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ.

ಆದ್ದರಿಂದ ದುಡ್ಡು ಕಟ್ಟುವ ಮೊದಲು ಒಂದು ಮೇಲ್ ಕಳಿಸಿ ಕೇಳಿ. ಐಸ್ ತೊಟ್ಟಿ ಇರುತ್ತದಾ? ದಾರಿಯ ಮಧ್ಯೆ ಎಷ್ಟು ಆಂಬುಲೆನ್ಸ್ ಇರುತ್ತವೆ, ಅವು ಯಾವ ರಸ್ತೆಯಲ್ಲಿ ಬರುತ್ತವೆ? ಆರೋಗ್ಯ ಕೆಟ್ಟರೆ ಫೀಸ್ ಮುಂದಿನ ವರ್ಷಕ್ಕೆ ಹಾಕಿಕೊಳ್ಳುತ್ತೀರಾ? ಉತ್ತರ ಬರದಿದ್ದರೆ ಅಲ್ಲಿಗೆ ಹೋಗಬೇಡಿ. ರೂಮನ್ನು ಕ್ಯಾನ್ಸಲ್ ಮಾಡಲು ಆಗುವ ಥರದ್ದೇ ತೆಗೆದುಕೊಳ್ಳಿ, ನಾಲ್ಕುನೂರು ಐನೂರು ಜಾಸ್ತಿ ಆದರೂ ಪರವಾಗಿಲ್ಲ. ಹೊರಡುವ ಮೊದಲೇ ಮನೆಯವರಿಗೆ ಒಂದು ಮಾತು ಕೊಡಿ, ಆ ವಾರ ಜ್ವರ ಬಂದರೆ, ಭೇದಿ ಆದರೆ ಓಡುವುದಿಲ್ಲ ಅಂತ. ಊರು ನೋಡಲು ಬೇಕಾದರೆ ಹೋಗಿ.

ಬಿಬ್ ಹಿಂಭಾಗದಲ್ಲಿ ಹೆಸರು, ರಕ್ತದ ಗುಂಪು, ತುರ್ತು ನಂಬರ್ ಬರೆಯಲು ಜಾಗ ಇರುತ್ತದೆ. ತಮ್ಮನದು ಖಾಲಿ ಇತ್ತು. ಫೋನ್ ಬ್ಯಾಗಿನ ಕೌಂಟರಿನಲ್ಲಿತ್ತು. ನಾನು ಅವನಿಗಿಂತ ನಿಧಾನ ಓಡುವವಳಾದ್ದರಿಂದ ಎದುರು ಸಿಕ್ಕಿದೆ. ಅವನ ಮುಂದೆ ಓಡುತ್ತಿದ್ದರೆ ಫಿನಿಶ್‌ನಲ್ಲಿ ಪದಕ ಹಾಕಿಕೊಂಡು ಕಾಯುತ್ತಾ ನಿಂತಿರುತ್ತಿದ್ದೆ. ಒಬ್ಬರೇ ಹೋಗುವವರು ಆ ಊರಿನ ಭಾಷೆ ಬರುವ ಒಬ್ಬರ ನಂಬರ್ ಬರೆದುಕೊಳ್ಳಿ.

ನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಇದನ್ನು ಓದಿ ಹೆದರಿ ಲೀಟರುಗಟ್ಟಲೆ ಬರೀ ನೀರು ಕುಡಿಯಬೇಡಿ. ಅದರಿಂದ ರಕ್ತದ ಸೋಡಿಯಂ ಇಳಿದು ಬೇರೆ ಥರದ ಅಪಾಯ ಆಗುತ್ತದೆ. ಬಾಯಾರಿದಷ್ಟು ಕುಡಿಯಿರಿ. ಎಷ್ಟು ಕುಡಿದರೂ ಜೋರಾಗಿ ಓಡುವವನ ಮೈ ಬಿಸಿ ಅದರಿಂದ ಇಳಿಯುವುದಿಲ್ಲ. ಇಳಿಯುವುದು ವೇಗ ಕಮ್ಮಿ ಮಾಡಿದಾಗ. ಗಡಿಯಾರದ ಪೇಸ್ ನೋಡದೆ, ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ ಓಡಿ.

ಈಗ ಅವನು ಬೆಳಗ್ಗೆ ಅಮ್ಮನ ಜೊತೆ ಕೆರೆ ಸುತ್ತ ನಡೆಯುತ್ತಾನೆ. ಡಾಕ್ಟರು ಓಡಲು ಇನ್ನೂ ಹೇಳಿಲ್ಲ. ಕೆಲವು ತಿಂಗಳು ಸೆಕೆ ತಡೆಯಲು ಕಷ್ಟ ಆಗಬಹುದು ಅಂದಿದ್ದಾರೆ. ಮೊನ್ನೆ ಇಬ್ಬರೂ ವಿಡಿಯೋ ಕಾಲ್‌ನಲ್ಲಿ ಆ ಮೀನಿನಮ್ಮನ ಜೊತೆ ಮಾತಾಡಿದೆವು. ಅವರ ಮಗಳ ನಂಬರ್ ಇಸಿದುಕೊಂಡಿದ್ದೆ. ಅವರು ತಮಿಳು, ಇವನು ಕನ್ನಡ. ಅವನ ಮುಖ ಕಂಡೊಡನೆ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.