ಕಾರಿನ ಎಸಿಗೆ ಯಾವ ಗ್ಯಾಸ್? ಕಲಬುರಗಿಯ ಬಿಸಿಲಿನಲ್ಲಿ ಅಳೆದು ನೋಡಿದ ಹೋಲಿಕೆ

ಕಲಬುರಗಿಯ ಬೇಸಿಗೆ 42 ಡಿಗ್ರಿ ಮುಟ್ಟುವಾಗ ಕಾರಿನ ಎಸಿಯೊಳಗೆ ಯಾವ ಗ್ಯಾಸ್ ಇದೆ ಎಂಬುದು ಬರೀ ಕುತೂಹಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕಳೆದ ಕೆಲವು ಬೇಸಿಗೆಗಳಲ್ಲಿ ನಾನು ಮೂರು ಬಗೆಯ ಗ್ಯಾಸ್ ನೋಡಿದ್ದೇನೆ: ನನ್ನ ಹಳೆಯ ಸಣ್ಣ ಕಾರಿನಲ್ಲಿ ಮೊದಲಿನಿಂದಲೂ ಇದ್ದ ಆರ್-134ಎ, ಒಂದು ವರ್ಷ ಅದೇ ಕಾರಿಗೆ ತುಂಬಿಸಿದ ಹೈಡ್ರೋಕಾರ್ಬನ್ ಮಿಶ್ರಣ ಮತ್ತು ನಮ್ಮ ಅಣ್ಣನ ಆಮದು ಕಾರಿನಲ್ಲಿರುವ ಆರ್-1234ವೈಎಫ್. ಪ್ರತಿ ಸಲವೂ ಮಧ್ಯಾಹ್ನದ ಹೊತ್ತಿನಲ್ಲಿ, ಡ್ಯಾಶ್‌ಬೋರ್ಡಿನ ನಡುವಿನ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ ಅಳೆದೆ.

ಥರ್ಮಾಮೀಟರನ್ನಷ್ಟೇ ನಂಬಿದ್ದರೆ ಹೈಡ್ರೋಕಾರ್ಬನ್ನೇ ಮೇಲು. 134ಎ ಇದ್ದಾಗ 9 ಡಿಗ್ರಿ ಬರುತ್ತಿದ್ದ ಗಾಳಿ ಅದರಲ್ಲಿ 7 ಡಿಗ್ರಿಗೆ ಇಳಿಯಿತು. ತೂಕದಲ್ಲಿಯೂ ಅರ್ಧಕ್ಕಿಂತ ಕಡಿಮೆ ಸಾಕಾಯಿತು. ಆದರೆ ಅದು ಪ್ರೊಪೇನ್ ಮತ್ತು ಐಸೋಬ್ಯೂಟೇನ್, ಅಂದರೆ ಅಡುಗೆ ಸಿಲಿಂಡರಿನ ಅನಿಲದ ದಾಯಾದಿ. ಗಾಳಿಯಲ್ಲಿ ಶೇಕಡ 2ರಷ್ಟು ಬೆರೆತರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಮನೆಯ ಅನಿಲಕ್ಕೆ ಸೋರಿಕೆ ತಿಳಿಯಲೆಂದು ಘಾಟು ಬೆರೆಸಿರುತ್ತಾರೆ; ಎಸಿಗೆ ಬಳಸುವ ಶುದ್ಧ ಮಿಶ್ರಣದಲ್ಲಿ ಸಾಮಾನ್ಯವಾಗಿ ಆ ಸುಳಿವೂ ಇರುವುದಿಲ್ಲ. ಕಾರಿನ ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ, ಅದು ತೂತಾದರೆ ಅನಿಲ ಬರುವುದು ಮಕ್ಕಳು ಕುಳಿತ ಜಾಗಕ್ಕೆ. ಇದು ಅರ್ಥವಾದ ವಾರದಲ್ಲೇ ಅದನ್ನು ತೆಗೆಸಿದೆ. ಆ ಗ್ಯಾಸಿಗೆಂದೇ ವಿನ್ಯಾಸಗೊಳ್ಳದ ಕಾರಿಗೆ ಅದನ್ನು ಯಾರೂ ತುಂಬಿಸಬಾರದು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

1234ವೈಎಫ್ ಬೇರೆಯೇ ಕಥೆ. ಅದರ ಒತ್ತಡ 134ಎಗೆ ಬಹಳ ಹತ್ತಿರ. ಸೊನ್ನೆ ಡಿಗ್ರಿಯಲ್ಲಿ ಒಂದು ಕಿಲೋ ಆವಿಯಾಗುವಾಗ 134ಎ ಸುಮಾರು 198 ಕಿಲೋಜೂಲ್ ಶಾಖ ಹೀರಿದರೆ ಇದು ಸುಮಾರು 163 ಹೀರುತ್ತದೆ; ಆ ಕೊರತೆ ತುಂಬಲು ಅನೇಕ ಕಾರುಗಳಲ್ಲಿ ಹೆಚ್ಚುವರಿ ಶಾಖ ವಿನಿಮಯದ ಕೊಳವೆ ಇರುತ್ತದೆ. ಅಣ್ಣನ ಕಾರಿನ ಗಾಳಿಯೂ 9 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ನಿಜವಾದ ಅಂತರ ಸೋರಿದ ಮೇಲಿನದು. ಭೂಮಿಯನ್ನು ಬಿಸಿಮಾಡುವುದರಲ್ಲಿ 134ಎ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಹೆಚ್ಚು, 1234ವೈಎಫ್ 4 ಪಟ್ಟನ್ನೂ ಮೀರದು. ನನ್ನ ಕಾರಿನ 450 ಗ್ರಾಂ 134ಎ ಪೂರ್ತಿ ಸೋರಿದರೆ ಅದು ಸುಮಾರು 280 ಲೀಟರ್ ಪೆಟ್ರೋಲ್ ಸುಟ್ಟದ್ದಕ್ಕೆ ಸಮ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳ ಗ್ಯಾಸಿಗೆ ಈ ಬಿಸಿಮಾಡುವ ಅಂಕಿ 150 ಪಟ್ಟನ್ನು ದಾಟಕೂಡದೆಂಬ ನಿಯಮ ಬಂದದ್ದು ಇದಕ್ಕಾಗಿಯೇ. 1234ವೈಎಫ್ ಕೂಡ ನಿರ್ದೋಷಿಯಲ್ಲ: ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣವಿದೆ, ವಾತಾವರಣದಲ್ಲಿ ಒಡೆದು ಬಹುಕಾಲ ಉಳಿಯುವ ಟ್ರೈಫ್ಲೋರೊಅಸಿಟಿಕ್ ಆಮ್ಲವಾಗುತ್ತದೆ, ಬೆಲೆಯೂ ಹಲವು ಪಟ್ಟು. ತುಂಬುವ ಬಾಯಿಯ ಅಳತೆಯೇ ಬೇರೆಯಾದ್ದರಿಂದ ಅಣ್ಣ ಅದಕ್ಕೆಂದು ಹೈದರಾಬಾದಿಗೆ ಹೋಗಬೇಕಾಯಿತು.

ಇಷ್ಟೆಲ್ಲ ಅಳೆಯುವಾಗ ಗ್ಯಾಸಿನ ಹೆಸರಿಗಿಂತ ತೂಕವೇ ದೊಡ್ಡದೆಂಬುದು ತಿಳಿಯಿತು. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಗೇಜಿನ ಮುಳ್ಳು ನೋಡಿಯೇ 134ಎ ತುಂಬಿದ್ದರು. ಎಸಿ ಓಡುವಾಗಿನ ಒತ್ತಡ ಹೊರಗಿನ ಬಿಸಿಲಿನೊಂದಿಗೆ ಏರಿಳಿಯುವುದರಿಂದ ಮುಳ್ಳು ಪ್ರಮಾಣವನ್ನು ಸರಿಯಾಗಿ ಹೇಳದು. ಹೆಚ್ಚಾದ ದ್ರವ ಶಾಖವನ್ನು ಹೊರಹಾಕುವ ಕಂಡೆನ್ಸರಿನಲ್ಲಿ ತುಂಬಿಕೊಂಡು, ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಒತ್ತಡ ಏರಿ ಕಂಪ್ರೆಸರ್ ಕಡಿತಗೊಳ್ಳುತ್ತಿತ್ತು, ಗಾಳಿ 13 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಬೇರೆ ಕಡೆ ಎಲ್ಲವನ್ನೂ ಯಂತ್ರಕ್ಕೆ ಹಿಂತೆಗೆದು, ಅರ್ಧ ಗಂಟೆ ವ್ಯಾಕ್ಯೂಮ್ ಮಾಡಿ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿರುವಂತೆ 450 ಗ್ರಾಂ ತೂಗಿ ತುಂಬಿದ ಮೇಲೆ ಅದೇ ಗ್ಯಾಸ್ 9 ಡಿಗ್ರಿ ಕೊಟ್ಟಿತು.

ಹೈಡ್ರೋಕಾರ್ಬನ್ ತೆಗೆಸಿದ ಮೇಲೆ ನಾನು ಮರಳಿದ್ದು 134ಎಗೇ. ಆಗ ಕೊಳವೆಗಳ ಜೋಡಣೆಯಲ್ಲಿ ಸೋರಿಕೆ ತಡೆಯುವ ರಬ್ಬರ್ ಓ-ರಿಂಗ್‌ಗಳನ್ನೆಲ್ಲ ಬದಲಿಸಿ ಸೋರಿಕೆ ಪರೀಕ್ಷೆ ಮಾಡಿಸಿದ್ದರಿಂದ, ಆ 450 ಗ್ರಾಂ ಈಗ ಮೂರನೆಯ ಬೇಸಿಗೆಯಲ್ಲಿಯೂ ಮತ್ತೆ ತುಂಬಿಸದೆಯೇ ನಡೆಯುತ್ತಿದೆ.