ಹಳೇ ಡೀಸೆಲ್ ಪಿಕಪ್‌ನ ಬೆಳಗಿನ ಮೊಂಡು: ಬಾಟಲಿ, ಬ್ಯಾಟರಿ, ಪೈಪು, ನೋಝಲ್, ಪಂಪು

ಡಿಸೆಂಬರ್ ಬಂತೆಂದರೆ ಮೂಡಿಗೆರೆ ಕಡೆ ಕಾಫಿ ಕೊಯ್ಲು, ಮಂಜು, ಕೊರೆಯುವ ಚಳಿ ಮೂರೂ ಒಟ್ಟಿಗೇ ಬರುತ್ತವೆ. ಬೆಳಗ್ಗೆ ಆರಕ್ಕೆ ಮೂಟೆ ಏರಿಸಿ ಎಲ್ಲರೂ ಕಾಯುತ್ತಿರುವಾಗ, ಸೆಲ್ಫ್ ಹೊಡೆದಷ್ಟೂ ಗಾಡಿ ಗುಂಯ್ಗುಟ್ಟಿ ಸುಮ್ಮನಾದರೆ ಆ ದಿನದ ಲೆಕ್ಕವೇ ತಪ್ಪುತ್ತದೆ. ನಮ್ಮದು 2007ರ ಮಾಡೆಲ್ ಪಿಕಪ್. ಎರಡೂವರೆ ಲೀಟರ್‌ನ ಡಿಐ (ಸಿಲಿಂಡರಿಗೆ ನೇರ ಡೀಸೆಲ್ ಚಿಮ್ಮುವ) ಟರ್ಬೊ ಇಂಜಿನ್, ಅದಕ್ಕೆ ಡೀಸೆಲ್ ಒತ್ತಿ ಕೊಡುವ ರೋಟರಿ ಪಂಪು, ಓಡಿದ್ದು 2,90,000 ಕಿಲೋಮೀಟರ್. ಹಗಲೆಲ್ಲ ಬಂಗಾರದಂತೆ ಓಡುವ ಗಾಡಿ ಬೆಳಗ್ಗೆ ಮಾತ್ರ ಮೊಂಡು ಹಿಡಿಯುತ್ತಿತ್ತು.

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಟ್ಯಾಂಕಿಗೆ ಕ್ಲೀನರ್ ಬಾಟಲಿ ಹಾಕು ಎಂದರು ಒಬ್ಬರು, ಬ್ಯಾಟರಿ ಬದಲಿಸು ಎಂದರು ಇನ್ನೊಬ್ಬರು. ಸಿಲಿಂಡರಿಗೆ ಡೀಸೆಲ್ ಚಿಮ್ಮುವ ನೋಝಲ್ ಹೋಗಿದೆ, ಪಂಪು ಇಳಿಸಬೇಕು ಎಂಬ ಮಾತೂ ಬಂತು. ಒಂದೊಂದನ್ನೂ ಮಾಡಿ ನೋಡುವುದೇ ಸರಿ, ಆದರೆ ಅಳೆದು ನೋಡಬೇಕು ಎಂದು ನಿರ್ಧರಿಸಿದೆ. ರಾತ್ರಿ ಅದೇ ಜಾಗದಲ್ಲಿ, ಮನೆ ಮುಂದಿನ ಏರಿನಲ್ಲಿ, ಮೂತಿ ಮೇಲಾಗಿ ನಿಲ್ಲಿಸುವುದು. ಬೆಳಗ್ಗೆ ಆರಕ್ಕೆ ಕೀ ತಿರುಗಿಸುವುದು. ಮಗ ಸೈಲೆನ್ಸರ್ ಹಿಂದೆ ನಿಂತು ಮೊಬೈಲ್‌ನಲ್ಲಿ ವಿಡಿಯೊ ಮಾಡುವುದು. ಒಂದೇ ದಮ್ಮಿಗೆ ಎಂಟು ಸೆಕೆಂಡ್‌ಗಿಂತ ಹೆಚ್ಚು ಸೆಲ್ಫ್ ಹೊಡೆಯಲಿಲ್ಲ, ಸ್ಟಾರ್ಟರ್ ಸುಟ್ಟೀತು. ನಡುವೆ ಅರ್ಧ ನಿಮಿಷ ಬಿಟ್ಟು, ಹೊಡೆದ ಸೆಕೆಂಡ್‌ಗಳನ್ನಷ್ಟೇ ಕೂಡಿಸಿದೆ. ಏನೂ ಮಾಡದೆ ಮೂರು ದಿನ ನೋಡಿದಾಗ ಬಂದದ್ದು 14, 15, 14.

ವಿಡಿಯೊದಲ್ಲಿ ಕಣ್ಣಿಗೆ ಬಿದ್ದ ಒಂದು ಸಂಗತಿ ಮುಂದಿನ ಕೆಲಸಕ್ಕೆಲ್ಲ ದಾರಿ ತೋರಿಸಿತು. ಮೊದಲ ಎಂಟು ಸೆಕೆಂಡ್ ಸೈಲೆನ್ಸರ್‌ನಿಂದ ಹೊಗೆಯೇ ಇಲ್ಲ. ಆಮೇಲೆ ಬಿಳಿ ಹೊಗೆ ಬುಸುಬುಸು ಬಂತು, ಕೊನೆಗೆ ಇಂಜಿನ್ ಹಿಡಿಯಿತು. ಸೆಲ್ಫ್ ಹೊಡೆಯುವಾಗ ಹೊಗೆ ಇಲ್ಲವೆಂದರೆ ಸಿಲಿಂಡರಿಗೆ ಡೀಸೆಲ್ಲೇ ಬರುತ್ತಿಲ್ಲ. ಬಿಳಿ ಹೊಗೆ ಬಂತೆಂದರೆ ಡೀಸೆಲ್ ಬಂದಿದೆ, ಹೊತ್ತಿಕೊಳ್ಳುತ್ತಿಲ್ಲ. ಅಂದರೆ ನಮ್ಮ ಗಾಡಿಗೆ ಇದ್ದದ್ದು ಒಂದು ಕಾಯಿಲೆಯಲ್ಲ, ಎರಡು. ಇದು ಗೊತ್ತಾದ ಮೇಲೂ ಮೊದಲು ಬಾಟಲಿಯನ್ನೇ ಹಾಕಿ ನೋಡಿದೆ, ಸುಲಭವಲ್ಲವೇ.

ಬಾಟಲಿ. ಸುಮಾರು 450 ರೂಪಾಯಿ, ಒಂದು ಟ್ಯಾಂಕಿಗೆ ಒಂದು. ಎರಡು ಟ್ಯಾಂಕ್ ಮುಗಿಸಿದೆ. ಐಡಲ್‌ನಲ್ಲಿ ಟಕಟಕ ಶಬ್ದ ತುಸು ಮೆತ್ತಗಾಯಿತು, ಅದು ನಿಜ. ಬೆಳಗಿನ ಲೆಕ್ಕ ಮಾತ್ರ 14ರಿಂದ 13ಕ್ಕೆ ಬಂದು ಅಲ್ಲೇ ನಿಂತಿತು. ಕರಿ ಕಟ್ಟಿದ ನೋಝಲನ್ನು ಬಾಟಲಿ ಒಂದಿಷ್ಟು ತೊಳೆದೀತು, ಸವೆದ ಲೋಹವನ್ನು ಮತ್ತೆ ಬೆಳೆಸಲಾರದು. ಇದರ ಜೊತೆ ಸೀಮೆಎಣ್ಣೆ ಬೆರೆಸಿ ಎಂದವರೂ ಇದ್ದರು. ದಯವಿಟ್ಟು ಬೇಡ. ರೋಟರಿ ಪಂಪಿನ ಒಳಭಾಗಕ್ಕೆ ಜಿಡ್ಡು ಕೊಡುವುದು ಡೀಸೆಲ್ಲೇ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ, ಪಂಪು ಒಳಗೇ ಉಜ್ಜಿಕೊಂಡು ಸವೆಯುತ್ತದೆ.

ಬ್ಯಾಟರಿ. ಅಂಗಡಿಯಲ್ಲಿ ಹೊಸದಕ್ಕೆ 7,500 ಹೇಳಿದರು. ಹಳೆಯದು ರಾತ್ರಿಯೆಲ್ಲ ನಿಂತ ಮೇಲೂ 12.6 ವೋಲ್ಟ್ ತೋರಿಸುತ್ತಿತ್ತು. ಆದರೂ ಸೆಲ್ಫ್ ಯಾಕೆ ಇಷ್ಟು ನಿಧಾನ ತಿರುಗುತ್ತದೆ ಎಂಬುದು ಬಿಡಿಸದ ಗಂಟಾಗಿತ್ತು. ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿದೆ. 1.4 ವೋಲ್ಟ್! ಅರ್ಥ್ (ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ) ಸರಿಯಿದ್ದರೆ ಅಲ್ಲಿ 0.2ರ ಆಸುಪಾಸು ಇರಬೇಕು. ಕೆಳಗೆ ಮಲಗಿ ನೋಡಿದರೆ ಗೇರ್‌ಬಾಕ್ಸ್‌ನಿಂದ ಚಾಸಿಗೆ ಬರುವ ಹೆಣೆದ ತಾಮ್ರದ ಪಟ್ಟಿ ಹಸಿರು ಹಿಡಿದು ಅರ್ಧಕ್ಕರ್ಧ ಹರಿದಿದೆ. ಮಲೆನಾಡಿನ ಮಳೆ, ಗೊಬ್ಬರ ಸಾಗಿಸಿದ ಉಪ್ಪು ಎರಡೂ ಸೇರಿ ತಿಂದಿದ್ದವು. 350 ರೂಪಾಯಿಯ ಪಟ್ಟಿ ಹಾಕಿ, ಬೋಲ್ಟ್ ಕೂರುವ ಜಾಗವನ್ನು ಹೊಳೆಯುವ ತನಕ ಉಜ್ಜಿದೆ. ಸೆಲ್ಫ್‌ನ ದನಿಯೇ ಬದಲಾಯಿತು. 13 ಇದ್ದದ್ದು 11 ಆಯಿತು. ಡಿಐ ಇಂಜಿನ್ ಗಾಳಿಯನ್ನು ಒತ್ತಿ ಬಿಸಿ ಮಾಡಿಯೇ ಡೀಸೆಲ್ ಹೊತ್ತಿಸಬೇಕು. ನಿಧಾನ ತಿರುಗಿದರೆ ಆ ಬಿಸಿ ಗೋಡೆಗೆ ಹೋಗಿಬಿಡುತ್ತದೆ. ಹಾಗಾಗಿ ಚಳಿಯಲ್ಲಿ ಸೆಲ್ಫ್‌ನ ವೇಗ ಸಣ್ಣ ವಿಷಯವಲ್ಲ. ಹಳೇ ಬ್ಯಾಟರಿ ಇವತ್ತಿಗೂ ಅದೇ ಗಾಡಿಯಲ್ಲಿದೆ.

ಇನ್ನು ಪೈಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾರೂ ಇದನ್ನು ಹೇಳಿರಲಿಲ್ಲ. ಕಾಫಿ ಒಣಗಿಸುವ ಕಣದ ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿದ ರಾತ್ರಿ ಗಾಡಿ ಐದಾರು ಸೆಕೆಂಡ್‌ಗೇ ಸ್ಟಾರ್ಟ್ ಆಗುತ್ತಿತ್ತು, ಏರಿನಲ್ಲಿ ನಿಲ್ಲಿಸಿದರೆ ಮಾತ್ರ ರಗಳೆ. ಟ್ಯಾಂಕ್ ಇರುವುದು ಹಿಂದೆ. ಮೂತಿ ಮೇಲಾದಾಗ ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ, ಅಂದರೆ ಎಲ್ಲೋ ಏರ್ ನುಗ್ಗುತ್ತಿದೆ. ನಮ್ಮ ಗಾಡಿಯ ರೋಟರಿ ಪಂಪು ಟ್ಯಾಂಕಿನಿಂದ ಡೀಸೆಲನ್ನು ತಾನೇ ಹೀರಿಕೊಳ್ಳುತ್ತದೆ. ಹೀರುವ ಪೈಪಿನಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಕಲೆಯೂ ಇರುವುದಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಫಿಲ್ಟರ್ ಮತ್ತು ಪಂಪಿನ ನಡುವೆ ಒಂದಡಿ ಪಾರದರ್ಶಕ ಪೈಪು ಹಾಕಿದೆ, ಪರೀಕ್ಷೆಗಷ್ಟೇ. ಬೆಳಗ್ಗೆ ಬಾನೆಟ್ ಎತ್ತಿ ಟಾರ್ಚ್ ಬಿಟ್ಟರೆ ಪೈಪು ಮುಕ್ಕಾಲು ಖಾಲಿ. ಸೆಲ್ಫ್ ಹೊಡೆದಾಗ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹೊರಟವು, ಅವುಗಳ ಹಿಂದೆ ಡೀಸೆಲ್ ತಡೆದು ತಡೆದು ಬಂತು. ಮರುದಿನ ಐದು ಲೀಟರಿನ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ ಕಟ್ಟಿ, ನೇರ ಅದರಿಂದಲೇ ಪಂಪಿಗೆ ಡೀಸೆಲ್ ಕೊಟ್ಟೆ. ಐದು ಸೆಕೆಂಡ್! ಅಲ್ಲಿಗೆ ಪಂಪಿನ ಮೇಲಿದ್ದ ಅನುಮಾನ ಮುಕ್ಕಾಲು ಹೋಯಿತು. ಹುಡುಕುತ್ತ ಹೋದಾಗ ಕಳ್ಳರು ಇಬ್ಬರು ಸಿಕ್ಕರು. ಫಿಲ್ಟರ್ ಮೇಲಿನ ಕೈಪಂಪಿನ ಓರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಕಲ್ಲಿನಂತೆ ಗಟ್ಟಿಯಾಗಿತ್ತು. ಟ್ಯಾಂಕ್ ಬಳಿಯ ರಬ್ಬರ್ ಪೈಪನ್ನು ಬಗ್ಗಿಸಿದರೆ ಕ್ಲಾಂಪಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಾಯಿ ತೆರೆಯಿತು.

ಹಳೇ ಗಾಡಿಗಳ ರಬ್ಬರ್ ಈಗ ಹೆಚ್ಚು ಕೈಕೊಡಲು ಇನ್ನೊಂದು ಕಾರಣವೂ ಇದೆ. 2020ರ ಏಪ್ರಿಲ್‌ನಿಂದ ದೇಶವೆಲ್ಲ ಬಿಎಸ್ 6 ಡೀಸೆಲ್, ಗಂಧಕ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ 10 ಪಾಲಿಗೆ) ಇಳಿದಿದೆ. ಅದಕ್ಕೂ ಮೊದಲು 50, ಇನ್ನೂ ಹಿಂದೆ 350 ಇತ್ತು. ಗಂಧಕ ತೆಗೆಯುವಾಗ ರಬ್ಬರನ್ನು ಉಬ್ಬಿಸುವ ಅರೋಮ್ಯಾಟಿಕ್ ಅಂಶವೂ ತಗ್ಗುತ್ತದೆ. ಹಳೇ ಡೀಸೆಲ್‌ನಲ್ಲಿ ಉಬ್ಬಿ ಕೂತಿದ್ದ ನೈಟ್ರೈಲ್ ರಬ್ಬರ್ ಆಗ ಕುಗ್ಗಿ ಸಂದು ಬಿಡುತ್ತದೆ. ಹೊಗೆ ಕಡಿಮೆ ಮಾಡುವ ಡೀಸೆಲ್ ಒಳ್ಳೆಯದೇ, ನಾವು ರಬ್ಬರ್ ಬದಲಿಸಿಕೊಳ್ಳಬೇಕು ಅಷ್ಟೇ. ಟ್ಯಾಂಕಿನಿಂದ ಪಂಪಿನವರೆಗಿನ ಎಲ್ಲ ರಬ್ಬರ್ ಪೈಪು, ಕ್ಲಾಂಪು, ಓರಿಂಗ್, ಪೈಪನ್ನು ಪಂಪಿಗೆ ಬಿಗಿಯುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರ್ ಸೇರಿ 900 ರೂಪಾಯಿ, ಒಂದು ಭಾನುವಾರ. 11 ಇದ್ದದ್ದು 5ಕ್ಕೆ ಬಂತು. ವಿಡಿಯೊದಲ್ಲಿ ಈಗ ಎರಡನೇ ಸೆಕೆಂಡ್‌ಗೇ ಬಿಳಿ ಹೊಗೆ ಕಾಣುತ್ತಿತ್ತು. ಮೊದಲ ಕಾಯಿಲೆ ಹೋಗಿ ಎರಡನೆಯದು ಉಳಿದಿತ್ತು.

ನೋಝಲ್ ವಿಷಯದಲ್ಲಿ ಎರಡು ದಾರಿ ಇದ್ದವು, ಎರಡನ್ನೂ ತುಳಿದೆ. ಹಾಸನದ ಪಂಪ್ ರೂಮಿನಲ್ಲಿ (ಡೀಸೆಲ್ ಪಂಪು, ನೋಝಲ್ ರಿಪೇರಿಯ ಅಂಗಡಿ) ಟೆಸ್ಟರಿಗೆ ಕಟ್ಟಿ ಲಿವರ್ ಒತ್ತಿದಾಗ ನಾಲ್ಕರಲ್ಲಿ ಎರಡು ಚೆನ್ನಾಗಿ ಮಂಜಿನಂತೆ ಚಿಮ್ಮಿದವು. ಒಂದು 160 ಬಾರ್‌ಗೇ ಬಾಯಿ ಬಿಟ್ಟಿತು, ಅದು 200 ದಾಟಬೇಕಿತ್ತು. ನಾಲ್ಕನೆಯದರ ತುದಿಯಲ್ಲಿ ಚಿಮ್ಮಿದ ಮೇಲೂ ಹನಿ ನಿಂತೇ ಇತ್ತು. ಮೊದಲು ತೊಳೆದು, ಶಿಮ್ (ಸ್ಪ್ರಿಂಗ್ ಬಿಗಿ ಹೆಚ್ಚಿಸುವ ತೆಳು ಬಿಲ್ಲೆ) ಹಾಕಿ ಪ್ರೆಶರ್ ಸರಿ ಮಾಡಿಸಿದೆ. 1,200 ರೂಪಾಯಿಗೆ 4 ಸೆಕೆಂಡ್. ಎರಡು ತಿಂಗಳು, ಸುಮಾರು 4,000 ಕಿಲೋಮೀಟರ್ ಬಂತು. ಆಮೇಲೆ ಅದೇ ಬಿಳಿ ಹೊಗೆ, ಅದೇ ಹನಿ. ನೋಝಲಿನ ಸೂಜಿ ಮತ್ತು ಮೈ ಜೋಡಿಯಾಗಿ ಉಜ್ಜಿ ಕೂರಿಸಿದವು, ನಡುವಿನ ಸಂದು ಕೆಲವೇ ಮೈಕ್ರಾನ್. ಕೂರುವ ಜಾಗ ಸವೆದ ಮೇಲೆ ಶಿಮ್‌ನಿಂದ ಪ್ರೆಶರ್ ಏರಿಸಬಹುದು, ಹನಿ ನಿಲ್ಲಿಸಲಾಗದು. ಎರಡನೇ ಸಲ ನಾಲ್ಕಕ್ಕೂ ಹೊಸ ನೋಝಲ್ ಹಾಕಿಸಿದೆ, ಕೂಲಿ ಸೇರಿ 4,400. ಈಗ 2 ಸೆಕೆಂಡ್. ಹೊಗೆ ಪರೀಕ್ಷೆಯಲ್ಲಿ ದಟ್ಟಣೆ 61 ಬರುತ್ತಿದ್ದ ಗಾಡಿ 43ಕ್ಕೆ ಇಳಿಯಿತು. ನಮ್ಮಂಥ ಹಳೇ ಗಾಡಿಗಳಿಗೆ ಮಿತಿ 65. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ಹೊಸದೇ, ಅನುಮಾನ ಬೇಡ. ಪಂಪ್ ರೂಮಿನಲ್ಲಿ ಟೆಸ್ಟರ್ ಮುಂದೆ ನೀವೂ ನಿಂತು ನೋಡಿ. ಗರ್ರ್ ಎಂದು ಚಿಮ್ಮುವ ನೋಝಲಿಗೂ ಪಿಚಕ್ ಎನ್ನುವುದಕ್ಕೂ ಇರುವ ವ್ಯತ್ಯಾಸ ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಇನ್ನೊಂದು. ಮೂರನೇ ಸಿಲಿಂಡರಿನಲ್ಲಿ ನೋಝಲ್ ಕೂರುವ ರಂಧ್ರದಲ್ಲಿ ತಾಮ್ರದ ವಾಷರ್ ಒಂದರ ಮೇಲೊಂದು ಎರಡು ಕೂತಿದ್ದವು. ಹಿಂದೆ ಯಾವಾಗಲೋ ಬಿಚ್ಚಿದಾಗ ಹಳೆಯದು ಒಳಗೇ ಅಂಟಿಕೊಂಡಿದೆ, ನೋಡದೆ ಮೇಲೆ ಹೊಸದು ಇಟ್ಟಿದ್ದಾರೆ. ಅಷ್ಟರಿಂದ ನೋಝಲಿನ ತುದಿ ಮೇಲಕ್ಕೆ ಸರಿದು, ಡೀಸೆಲ್ ಪಿಸ್ಟನ್ನಿನ ಬಟ್ಟಲಿಗೆ ಬೀಳಬೇಕಾದ ಕಡೆ ಬೀಳುವುದಿಲ್ಲ. ನೋಝಲ್ ಬಿಚ್ಚಿದಾಗಲೆಲ್ಲ ವಾಷರ್ ಎಣಿಸಿ ನೋಡಿ.

ಪಂಪು. ನಮ್ಮ ಕಡೆ ಯಾವ ಡೀಸೆಲ್ ಪಂಪಿಗೂ ಮೈಕೋ ಪಂಪು ಎಂದೇ ಹೇಳುತ್ತಾರೆ. 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ಹೆಸರು ಮಾತ್ರ ನಾಲಿಗೆಯಿಂದ ಹೋಗಿಲ್ಲ. ನಮ್ಮ ಗಾಡಿಯ ಪಂಪಿನ ಸೀಲು ಒಡೆಯುವ ಪ್ರಮೇಯವೇ ಬರಲಿಲ್ಲ. ಭಾವನದೂ ಅದೇ ವರ್ಷದ, ಅದೇ ಮಾಡೆಲಿನ ಗಾಡಿ, ಸಕಲೇಶಪುರ ಕಡೆ ಶುಂಠಿ ಹೊರುತ್ತದೆ, ಕಾಯಿಲೆಯೂ ಇದೇ. ಅವನು ಮೊದಲ ಹೆಜ್ಜೆಗೇ ಪಂಪು ಇಳಿಸಿ ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ ಸರಿಹೊಂದಿಸುವುದು) ಮಾಡಿಸಿದ, 16,000 ರೂಪಾಯಿ, ಆರು ದಿನ ಗಾಡಿ ನಿಂತಿತು. ಏರಿನಲ್ಲಿ ಎಳೆತ ಸುಧಾರಿಸಿತು ಎನ್ನುತ್ತಾನೆ, ನಾನೂ ಓಡಿಸಿ ನೋಡಿದೆ, ಹೌದು. ಬೆಳಗಿನ ಸ್ಟಾರ್ಟಿಂಗ್ ಒಂದು ಸೆಕೆಂಡೂ ಸುಧಾರಿಸಲಿಲ್ಲ. ಪಂಪು ಎಷ್ಟು ಚೆನ್ನಾಗಿದ್ದರೇನು, ಗಾಳಿ ಕುಡಿಸಿದರೆ ಗಾಳಿಯನ್ನೇ ಒತ್ತುತ್ತದೆ.

ಇವುಗಳ ನಡುವೆ ಆಯಿಲನ್ನೂ ಬದಲಿಸಿದ್ದೆ, 20W-50 ತೆಗೆದು ಚಳಿಯಲ್ಲಿ ಅದಕ್ಕಿಂತ ತೆಳುವಾಗಿರುವ 15W-40. ಅರ್ಧ ಸೆಕೆಂಡಿನಷ್ಟು ಉಪಕಾರ, ಚಳಿಗಾಲಕ್ಕೆ ಅದೇ ಸರಿ. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸಂದು ನೋಡಿಸಿದೆ, ಒಂದು ಬಿಗಿಯಿತ್ತು. ಸ್ಟಾರ್ಟ್ ಆಗಲೆಂದು ಗಾಳಿಯ ದಾರಿಗೆ ಹೊಡೆಯುವ ಈಥರ್ ಸ್ಪ್ರೇ ಮಾತ್ರ ಮುಟ್ಟಲಿಲ್ಲ. ಪಿಸ್ಟನ್ ಇನ್ನೂ ಮೇಲಕ್ಕೆ ಬರುವ ಮೊದಲೇ ಅದು ಹೊತ್ತಿಕೊಂಡು ರಿಂಗ್ ಮುರಿಯುತ್ತದೆ. ಸ್ಪ್ರೇ ಹೊಡೆದು ಹೊಡೆದೇ ಇಂಜಿನ್ ಇಳಿಸುವ ಹಂತಕ್ಕೆ ಬಂದ ಗಾಡಿಯೊಂದನ್ನು ಪಕ್ಕದ ತೋಟದಲ್ಲೇ ನೋಡಿದ್ದೇನೆ.

ಹೋದ ಭಾನುವಾರ ಭಾವನ ಗಾಡಿಗೂ ಅದೇ ಪಾರದರ್ಶಕ ಪೈಪು ಕಟ್ಟಿದೆವು. ಗುಳ್ಳೆಯ ಸಾಲು ನೋಡಿ ಅವನು ತುಂಬ ಹೊತ್ತು ಮಾತಾಡಲಿಲ್ಲ. ಸಂಜೆಯೊಳಗೆ ರಬ್ಬರ್ ಪೈಪು, ಓರಿಂಗ್ ಎಲ್ಲ ಬದಲಿಸಿ, ಕೈಪಂಪು ಒತ್ತಿ ಏರ್ ತೆಗೆದು, ಮೂತಿ ಮೇಲೆ ಮಾಡಿ ನಿಲ್ಲಿಸಿ ಬಂದೆ. ಸೋಮವಾರ ಬೆಳಗ್ಗೆ ಆರೂ ಐದಕ್ಕೆ ಫೋನ್ ಬಂತು. ಅವನು ಏನೂ ಹೇಳಲಿಲ್ಲ, ಫೋನನ್ನು ಬಾನೆಟ್ ಹತ್ತಿರ ಹಿಡಿದು ಕೀ ತಿರುಗಿಸಿದ. ಎಣಿಸಿದೆ, ನಾಲ್ಕು.