ಐಪಿ ವಿಳಾಸ ಕೈಕೊಟ್ಟಾಗ: ವಿಂಡೋಸ್, ಮ್ಯಾಕ್, ಉಬುಂಟುಗಳ ಒಳಗಿನ ಸಾಧನಗಳ ವಿಮರ್ಶೆ

ನಾನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವ ಒಂದು ಚಿಕ್ಕ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಎಂಟು ವಿಂಡೋಸ್ 11 ಯಂತ್ರಗಳು, ಮೂರು ಉಬುಂಟು ಯಂತ್ರಗಳು ಮತ್ತು ಒಂದು ಮ್ಯಾಕ್ ಇವೆ. ಕಳೆದ ತಿಂಗಳ ಒಂದು ಸೋಮವಾರ ಇವುಗಳಲ್ಲಿ ಐದಕ್ಕೆ ಇಂಟರ್‌ನೆಟ್ ಬರಲಿಲ್ಲ. ಉಳಿದ ಏಳು ಎಂದಿನಂತೆ ನಡೆಯುತ್ತಿದ್ದವು. ಕೇಬಲ್‌ಗಳು ಸರಿಯಾಗಿದ್ದವು, ರೂಟರಿನ ದೀಪಗಳೂ ಹಸಿರಾಗಿದ್ದವು. ಹಾಗಾಗಿ ಯಾವ ತಂತ್ರಾಂಶವನ್ನೂ ಹೊಸದಾಗಿ ಕೊಳ್ಳದೆ, ಈ ಮೂರು ವ್ಯವಸ್ಥೆಗಳೊಂದಿಗೆ ಬರುವ ಸಾಧನಗಳನ್ನೇ ಹಿಡಿದು ಒಂದೇ ತೊಂದರೆಯನ್ನು ಮೂರು ಕಡೆಯಿಂದ ಹುಡುಕಿದೆ. ಅವುಗಳಲ್ಲಿ ಯಾವುದು ಎಷ್ಟು ನೆರವಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಅಳತೆಗೋಲು ಒಂದೇ. ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸ ಯಾವುದು ಎಂಬುದನ್ನು ಮೂರೂ ಹೇಳುತ್ತವೆ. ಆ ವಿಳಾಸವನ್ನು ಕೊಟ್ಟದ್ದು ಯಾವ ಸರ್ವರ್ ಎಂಬುದನ್ನು ಎಷ್ಟು ಸುಲಭವಾಗಿ ಹೇಳುತ್ತವೆ ಎಂಬುದೇ ನನಗೆ ಮುಖ್ಯ. ಏಕೆಂದರೆ ಡಿಎಚ್‌ಸಿಪಿ ಎಂಬ ಏರ್ಪಾಡಿನಲ್ಲಿ ಕಂಪ್ಯೂಟರ್ ತನ್ನ ಜಾಲಕ್ಕೆಲ್ಲ ಕೇಳಿಸುವಂತೆ ವಿಳಾಸ ಬೇಕೆಂದು ಕೂಗುತ್ತದೆ, ಅದಕ್ಕೆ ಉತ್ತರ ಕೊಟ್ಟ ಸರ್ವರಿನಿಂದ ನಿಗದಿತ ಅವಧಿಗೆ ವಿಳಾಸವನ್ನು ಗುತ್ತಿಗೆಗೆ ಪಡೆಯುತ್ತದೆ, ಮತ್ತು ಆ ಅವಧಿಯ ಅರ್ಧ ಕಳೆದಾಗ ಅದೇ ಸರ್ವರನ್ನು ನೇರವಾಗಿ ಕೇಳಿ ಗುತ್ತಿಗೆಯನ್ನು ನವೀಕರಿಸಿಕೊಳ್ಳುತ್ತದೆ. ಉತ್ತರ ಕೊಟ್ಟವರು ಅಧಿಕೃತರೋ ಅಲ್ಲವೋ ಎಂದು ಪರಿಶೀಲಿಸುವ ವ್ಯವಸ್ಥೆ ಇದರೊಳಗೆ ಇಲ್ಲ.

ಮೊದಲು ವಿಂಡೋಸ್. ಅದರ ಸಮಸ್ಯೆ ಪರಿಹಾರಕವು ಸರಿಯಾದ ಐಪಿ ಸಂರಚನೆ ಇಲ್ಲವೆಂಬ ಮಟ್ಟದ ಮಾತನ್ನಷ್ಟೇ ಹೇಳುವಂಥದ್ದು, ಕಾರಣದ ಕಡೆಗೆ ಬೆರಳು ತೋರಿಸುವುದಿಲ್ಲ. ಆದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಎಂದು ಬರೆದು, ಒಂದು ಓರೆಗೆರೆ ಹಾಕಿ, ಆಲ್ ಎಂದು ಸೇರಿಸಿದರೆ ಬರುವ ಪಟ್ಟಿ ನಿಜಕ್ಕೂ ಶ್ರೇಷ್ಠವಾದದ್ದು. ಡಿಎಚ್‌ಸಿಪಿ ಚಾಲ್ತಿಯಲ್ಲಿದೆಯೇ, ಗುತ್ತಿಗೆ ಯಾವಾಗ ಸಿಕ್ಕಿತು, ಯಾವಾಗ ಮುಗಿಯುತ್ತದೆ, ಕೊಟ್ಟ ಸರ್ವರಿನ ವಿಳಾಸವೇನು ಎಂಬ ನಾಲ್ಕೂ ಸಂಗತಿಗಳು ಒಂದೇ ಪರದೆಯಲ್ಲಿ, ಓದಬಲ್ಲ ದಿನಾಂಕಗಳೊಂದಿಗೆ ಸಿಗುತ್ತವೆ. ನಮ್ಮ ಕೇಂದ್ರದ ರೂಟರಿನ ವಿಳಾಸ 192.168.1.1. ಕೆಟ್ಟು ನಿಂತಿದ್ದ ಯಂತ್ರದಲ್ಲಿ ಡಿಎಚ್‌ಸಿಪಿ ಸರ್ವರ್ ಎಂಬ ಸಾಲು 192.168.0.1 ಎಂದು ತೋರಿಸುತ್ತಿತ್ತು, ಅಂದರೆ ನನಗೆ ಪರಿಚಯವೇ ಇಲ್ಲದ ಇನ್ನೊಂದು ಪೆಟ್ಟಿಗೆ ಆ ಕೋಣೆಯಲ್ಲಿ ವಿಳಾಸ ಹಂಚುತ್ತಿತ್ತು.

ಹುಡುಕಿದಾಗ ಮೂಲೆಯ ಮೇಜಿನ ಕೆಳಗೆ ಅದು ಸಿಕ್ಕಿತು. ಹೆಚ್ಚು ಕೇಬಲ್ ಚುಚ್ಚಲು ಜಾಗ ಬೇಕೆಂದು ಯಾರೋ ಒಳ್ಳೆಯ ಉದ್ದೇಶದಿಂದಲೇ ಹಳೆಯ ರೂಟರೊಂದನ್ನು ತಂದು, ನಮ್ಮ ಜಾಲದ ಕೇಬಲನ್ನು ಅದರ ಲ್ಯಾನ್ ಪೋರ್ಟ್‌ಗೆ, ಅಂದರೆ ಒಳಜಾಲದ ಕಿಂಡಿಗೆ, ಸೇರಿಸಿದ್ದರು. ಅದಕ್ಕೆ ಹೊರಗಿನ ಸಂಪರ್ಕವೇ ಇರಲಿಲ್ಲವಾದ್ದರಿಂದ, ಅದರಿಂದ ವಿಳಾಸ ಪಡೆದ ಯಂತ್ರಗಳಿಗೆ ದಾರಿ ಮುಚ್ಚಿಹೋಗಿತ್ತು. ಹಳೆಯ ಗುತ್ತಿಗೆ ಇನ್ನೂ ಬಾಕಿಯಿದ್ದವು ತಮ್ಮ ಮೊದಲಿನ ರೂಟರನ್ನೇ ಕೇಳಿ ನವೀಕರಿಸಿಕೊಳ್ಳುತ್ತಿದ್ದವು, ಹೊಸದಾಗಿ ಕೇಳಿದವು ಮಾತ್ರ ಮೊದಲು ಬಂದ ಉತ್ತರಕ್ಕೆ ಒಪ್ಪಿಬಿಟ್ಟಿದ್ದವು. ಐದು ಕೆಟ್ಟು ಏಳು ಉಳಿದ ಒಗಟು ಬಿಡಿಸಿದ್ದು ಹೀಗೆ.

ಮ್ಯಾಕ್ ನೋಡಲು ಹಿತವಾದದ್ದು. ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ಮೇಲಿನ ವೈ-ಫೈ ಚಿಹ್ನೆಯನ್ನು ಕ್ಲಿಕ್ಕಿಸಿದರೆ ಐಪಿ ವಿಳಾಸ, ರೂಟರಿನ ವಿಳಾಸ, ಸಂಕೇತದ ಬಲ ಎಲ್ಲವೂ ಕಣ್ಣೆದುರು ತೆರೆಯುತ್ತವೆ. ಗುತ್ತಿಗೆ ನವೀಕರಿಸಲು ಸೆಟ್ಟಿಂಗ್ಸ್‌ನೊಳಗೆ ಒಂದು ಗುಂಡಿಯೇ ಇದೆ, ಕಮಾಂಡ್ ಕಲಿಯದವರಿಗೆ ಇದಕ್ಕಿಂತ ಸರಳವಾದದ್ದು ಬೇರೆರಡರಲ್ಲಿ ಇಲ್ಲ. ಆದರೆ ವಿಳಾಸ ಕೊಟ್ಟ ಸರ್ವರಿನ ಗುರುತು ಬೇಕೆಂದರೆ ಟರ್ಮಿನಲ್ ತೆರೆದು ಐಪಿಕಾನ್ಫಿಗ್ ಗೆಟ್‌ಪ್ಯಾಕೆಟ್ ಎಂಬ ಕಮಾಂಡಿಗೆ ಜಾಲದ ಕೊಂಡಿಯ ಹೆಸರನ್ನು ಕೊಡಬೇಕು. ವಿಂಡೋಸಿನಲ್ಲೂ ಐಪಿಕಾನ್ಫಿಗ್ ಎಂಬ ಹೆಸರೇ ಇದ್ದರೂ ಇದು ಸಂಪೂರ್ಣ ಬೇರೆ ಕಮಾಂಡ್ ಎಂಬುದನ್ನು ಮರೆಯಬಾರದು. ಗುತ್ತಿಗೆಯ ಅವಧಿಯನ್ನು ಅದು ಹದಿನಾರರ ಮಾನದಲ್ಲಿ ಬರೆಯುತ್ತದೆ: ಅಲ್ಲಿ 15180 ಎಂದು ಕಂಡರೆ 86,400 ಸೆಕೆಂಡು, ಅಂದರೆ 24 ಗಂಟೆ ಎಂದು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಸಾಮಾನ್ಯ ಬಳಕೆದಾರರಿಗೆ ಇದು ದೂರದ ಮಾತು.

ವಿಳಾಸವೇ ಸಿಗದಿದ್ದಾಗ ಈ ವ್ಯವಸ್ಥೆಗಳು ನಡೆದುಕೊಳ್ಳುವ ರೀತಿಯೂ ಬೇರೆ ಬೇರೆ. ವಿಂಡೋಸ್ ಮತ್ತು ಮ್ಯಾಕ್ ಎರಡೂ 169.254 ಎಂದು ಆರಂಭವಾಗುವ ವಿಳಾಸವನ್ನು ತಾವೇ ಆರಿಸಿಕೊಳ್ಳುತ್ತವೆ; 2005ರ ಮೇ ತಿಂಗಳಲ್ಲಿ ಪ್ರಕಟವಾದ ಆರ್‌ಎಫ್‌ಸಿ 3927 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆ ಇದರ ನಿಯಮಗಳನ್ನು ವಿವರಿಸುತ್ತದೆ. ಉಬುಂಟು ಡೆಸ್ಕ್‌ಟಾಪಿನಲ್ಲಿ ಜಾಲಸಂಪರ್ಕವನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಮಾತ್ರ ಸಹಜ ಸ್ಥಿತಿಯಲ್ಲಿ 45 ಸೆಕೆಂಡು ಕಾದು, ಸಂಪರ್ಕ ವಿಫಲವಾಯಿತೆಂದು ಹೇಳಿ ಕೈಬಿಡುತ್ತದೆ. ನನಗೆ ಈ ನೇರ ನಡೆಯೇ ಮೆಚ್ಚುಗೆ, ಏಕೆಂದರೆ 169.254 ಕಂಡವರು ವಿಳಾಸವಿದೆಯಲ್ಲ ಎಂದುಕೊಂಡು ಬ್ರೌಸರಿನಲ್ಲಿ ತಪ್ಪು ಹುಡುಕುತ್ತಾ ಅರ್ಧ ದಿನ ಕಳೆಯುವುದನ್ನು ನಾನು ಕಂಡಿದ್ದೇನೆ.

ಉಬುಂಟುವಿನಲ್ಲಿ ಐಪಿ ಅಡ್ರ್ ಎಂಬ ಕಮಾಂಡ್ ವಿಳಾಸದ ಪಕ್ಕದಲ್ಲೇ ಗುತ್ತಿಗೆಯ ಉಳಿದ ಸೆಕೆಂಡುಗಳನ್ನೂ ತೋರಿಸುತ್ತದೆ. ಸರ್ವರಿನ ಗುರುತಿಗೆ ನೆಟ್‌ವರ್ಕ್‌ಮ್ಯಾನೇಜರಿನ ಕಮಾಂಡ್ ಆದ ಎನ್‌ಎಂಸಿಎಲ್‌ಐ ಬಳಸಿ ಡಿಎಚ್‌ಸಿಪಿ ವಿವರಗಳನ್ನೇ ಪ್ರತ್ಯೇಕವಾಗಿ ಕೇಳಬೇಕು; ವ್ಯವಸ್ಥೆಯ ದಾಖಲೆಗಳನ್ನು ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ನಡೆದದ್ದೆಲ್ಲ ಸಮಯಸಹಿತ ಸಿಗುತ್ತದೆ. ಆಳದಲ್ಲಿ ಇದನ್ನು ಮೀರಿಸುವುದು ಇಲ್ಲ, ಆದರೆ ಫೋನಿನಲ್ಲಿ ಇನ್ನೊಬ್ಬರಿಗೆ ಹೇಳಿಕೊಟ್ಟು ಬರೆಯಿಸುವುದು ಕಷ್ಟ. ಉಬುಂಟು ಸರ್ವರ್ ಬಳಸುವವರಿಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಅಲ್ಲಿ ಜಾಲಸಂಪರ್ಕವನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ, ಡಿಎಚ್‌ಸಿಪಿ ಸರ್ವರಿಗೆ ಹೇಳುವ ತನ್ನ ಗುರುತನ್ನು ಮೆಷಿನ್-ಐಡಿ ಕಡತದಿಂದ ರೂಪಿಸಿಕೊಳ್ಳುತ್ತದೆ. ಒಂದು ವರ್ಚುವಲ್ ಯಂತ್ರವನ್ನು (ತಂತ್ರಾಂಶದೊಳಗೆ ನಡೆಯುವ ಕಂಪ್ಯೂಟರನ್ನು) ನಕಲು ಮಾಡಿ ಮ್ಯಾಕ್ ಅಡ್ರೆಸ್ (ಜಾಲದ ಕೊಂಡಿಯ ಯಂತ್ರಾಂಶ ವಿಳಾಸ; ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ) ಬದಲಿಸಿದರೂ ಆ ಕಡತ ಹಾಗೇ ಉಳಿದಿದ್ದರೆ, ಎರಡೂ ಯಂತ್ರಗಳಿಗೆ ಒಂದೇ ಐಪಿ ವಿಳಾಸ ಬರಬಹುದು. ಆ ಕಡತವನ್ನು ಬರಿದು ಮಾಡಿ ಯಂತ್ರವನ್ನು ಮತ್ತೆ ಆರಂಭಿಸುವುದು, ಇಲ್ಲವೇ ಜಾಲದ ಸೆಟ್ಟಿಂಗ್ ಬರೆಯುವ ನೆಟ್‌ಪ್ಲಾನ್‌ನಲ್ಲಿ ಮ್ಯಾಕ್ ಅಡ್ರೆಸ್ಸನ್ನೇ ಗುರುತಾಗಿ ಬಳಸುವಂತೆ ಸೂಚಿಸುವುದು ಇದಕ್ಕೆ ಪರಿಹಾರ.

ಆಪಲ್ ಕಂಪ್ಯೂಟರ್‌ಗಳ ಕಡೆಯಿಂದಲೂ ಇಂಥದೇ ಒಂದು ಸಂಗತಿಯಿದೆ. 2024ರಲ್ಲಿ ಬಂದ ಅವುಗಳ ಕಾರ್ಯಾಚರಣಾ ವ್ಯವಸ್ಥೆಯ ಸೆಕ್ವೊಯಾ ಆವೃತ್ತಿಯಲ್ಲಿ ವೈ-ಫೈಗೆ ಖಾಸಗಿ ವಿಳಾಸದ, ಅಂದರೆ ನಿಜವಾದ ಮ್ಯಾಕ್ ಅಡ್ರೆಸ್ಸಿನ ಬದಲು ಬೇರೊಂದನ್ನು ತೋರಿಸುವ, ಆಯ್ಕೆ ಸೇರಿದೆ. ಗೌಪ್ಯತೆಗೆ ಇದು ಒಳ್ಳೆಯದೇ, ಆದರೆ ರೂಟರಿನಲ್ಲಿ ನಿಜವಾದ ಮ್ಯಾಕ್ ಅಡ್ರೆಸ್ಸಿನ ಆಧಾರದ ಮೇಲೆ ಐಪಿ ವಿಳಾಸವನ್ನು ಕಾಯ್ದಿರಿಸಿದ್ದರೆ ಅದು ಹೊಂದದೆ ಹೋಗುತ್ತದೆ. ನಮ್ಮಂಥ ಚಿಕ್ಕ ಕೇಂದ್ರಗಳಲ್ಲಿ ಆ ಒಂದು ಜಾಲಕ್ಕೆ ಮಾತ್ರ ಅದನ್ನು ಆಫ್ ಮಾಡಿಡುವುದು ಲೇಸು.

ಅಂಕ ಕೊಡಬೇಕೆಂದರೆ ವಿಂಡೋಸಿನ ಐಪಿಕಾನ್ಫಿಗ್‌ಗೆ ಐದಕ್ಕೆ ನಾಲ್ಕೂವರೆ, ಉಬುಂಟುವಿನ ಸಾಧನಗಳಿಗೆ ನಾಲ್ಕು, ಮ್ಯಾಕಿಗೆ ಮೂರೂವರೆ ಕೊಡುತ್ತೇನೆ. ವಿಂಡೋಸ್ ಯಂತ್ರಗಳ ಮೇಲೆ ಈಗ ಚೀಟಿಯೊಂದನ್ನು ಅಂಟಿಸಿದ್ದೇನೆ: ಇಂಟರ್‌ನೆಟ್ ನಿಂತರೆ ಆ ಕಮಾಂಡನ್ನು ಬರೆಯಿರಿ, ಡಿಎಚ್‌ಸಿಪಿ ಸರ್ವರ್ ಸಾಲಿನಲ್ಲಿ 192.168.1.1 ಇಲ್ಲದಿದ್ದರೆ ಮೊದಲು ಮೇಜಿನ ಕೆಳಗೆ ನೋಡಿ.